ಸವಣೂರಿನಿಂದ ತಿರುಗಿ ಬಂದ ಆಡು

ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ ಮೈಕೋಪ್ಲಾಸ್ಮಕ್ಕೆ ಸಿಕ್ಕಿರುವ ಜಾಗ ಬಹಳ ಚಿಕ್ಕದು. ಜೀವಕೋಶಕ್ಕೆ ಗೋಡೆ ಇಲ್ಲ, ಸ್ವಂತವಾಗಿ ಬೆಳೆಯಬಲ್ಲ ಜೀವಕೋಶಗಳಲ್ಲಿ ಎಲ್ಲಕ್ಕಿಂತ ಸಣ್ಣದು, ಪ್ರಾಣಿಗಳಿಗೂ ಗಿಡಗಳಿಗೂ ರೋಗ ತರುತ್ತದೆ. ಅಷ್ಟೇ. ಶಿಗ್ಗಾಂವಿಯ ಕಾಲೇಜಿನಲ್ಲಿ ನಾನು ಇದನ್ನು ಪ್ರತಿ ವರ್ಷ ಅರ್ಧ ತಾಸಿನಲ್ಲಿ ಮುಗಿಸುತ್ತೇನೆ. ಹಲಗೆಯ ಮೇಲೆ ಮೊದಲು ಸಾಮಾನ್ಯ ಬ್ಯಾಕ್ಟೀರಿಯಾ ಬರೆಯುತ್ತೇನೆ: ಎರಡು ಗೆರೆ, ಹೊರಗಿನದು ಗೋಡೆ, ಒಳಗಿನದು ಪೊರೆ. ಪಕ್ಕದಲ್ಲಿ ಒಂದೇ ಗೆರೆಯ, ಅಲ್ಲಿ ಉಬ್ಬಿದ ಇಲ್ಲಿ ತಗ್ಗಿದ ಇನ್ನೊಂದನ್ನು ಬರೆದು ಇದು ಮೈಕೋಪ್ಲಾಸ್ಮ ಎನ್ನುತ್ತೇನೆ. ಗೋಡೆ ಇಲ್ಲದ್ದಕ್ಕೆ ಅದಕ್ಕೆ ಇಂಥದೇ ಎನ್ನುವ ಆಕಾರವಿಲ್ಲ, ನಾನು ಹೇಗೆ ಬರೆದರೂ ತಪ್ಪಾಗುವುದಿಲ್ಲ. ಚಿತ್ರ ಬರೆಯಲು ಬಾರದ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಜೀವಿ ಸಿಗಲಾರದು.

ಆ ವರ್ಷ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಗೋಡಿ ಇಲ್ಲಂದ್ರ ಅದು ಒಡದ ಹೋಗೂದಿಲ್ಲೇನ್ರಿ ಮೇಡಂ?"

ಒಳ್ಳೆಯ ಪ್ರಶ್ನೆ. ಬೇರೆ ವರ್ಷವಾಗಿದ್ದರೆ ಖುಷಿಪಡುತ್ತಿದ್ದೆ. ಆ ವರ್ಷ ಉತ್ತರವನ್ನಷ್ಟೇ ಹೇಳಿದೆ. ಬರಿ ನೀರಿನಲ್ಲಿ ಹಾಕಿದರೆ ಒಡೆದೇ ಹೋಗುತ್ತದೆ. ಆದರೆ ಅದು ಬರಿ ನೀರಿನಲ್ಲಿ ಇರುವುದಿಲ್ಲ, ಇನ್ನೊಬ್ಬರ ಮೈಯಲ್ಲಿ ಇರುತ್ತದೆ. ಅಲ್ಲಿ ಹೊರಗಿನ ಉಪ್ಪು ಒಳಗಿನ ಉಪ್ಪು ಹೆಚ್ಚುಕಡಿಮೆ ಒಂದೇ. ಪೊರೆ ಗಟ್ಟಿಯಾಗಲು ಬೇಕಾದ ಕೊಬ್ಬನ್ನೂ ಅದು ಆ ಮೈಯಿಂದಲೇ ಎತ್ತಿಕೊಳ್ಳುತ್ತದೆ. ಇದರ ಪೂರ್ವಜರಿಗೆ ಗೋಡೆ ಇತ್ತು. ಎಲ್ಲವೂ ಕೂತಲ್ಲೇ ಸಿಗತೊಡಗಿದ ಮೇಲೆ ಗೋಡೆ ಕಟ್ಟುವ ವಿದ್ಯೆಯನ್ನು ಮರೆತವು, ಬೇರೆ ಎಷ್ಟೋ ಕೆಲಸಗಳನ್ನೂ ಮರೆತವು. ಮರೆತು ಮರೆತು ಇಷ್ಟು ಸಣ್ಣದಾದವು. ಹುಡುಗಿ ಬರೆದುಕೊಂಡು ಕುಳಿತಳು.

ಆ ವರ್ಷ ಎಂದೆನಲ್ಲ, ಅದು ನನ್ನ ಗಂಡ ತೀರಿಕೊಂಡ ವರ್ಷ. ಅವರು ಹಿರೇಕೆರೂರು ತಾಲೂಕಿನ ಹಂಸಭಾವಿಯವರು, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಬೇಸಿಗೆಯಲ್ಲಿ ಜ್ವರವೆಂದು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹಂಸಭಾವಿಗೆ ಮರಳಿದ್ದು ಆಂಬುಲೆನ್ಸಿನಲ್ಲಿ. ಅಲ್ಲಿನ ಹೆಂಗಸರು ನನ್ನ ಸುತ್ತ ಕುಳಿತು, ಇವಳು ಯಾವಾಗ ಅಳುತ್ತಾಳೆ ಎಂದು ನನ್ನ ಮುಖವನ್ನೇ ನೋಡಿದರು. ನನಗೆ ಅಳು ಬರಲಿಲ್ಲ. ತಡೆದುಕೊಂಡೆ ಎಂದಲ್ಲ, ತಡೆಯಲು ಏನೂ ಇರಲಿಲ್ಲ. ಯಾರೋ "ಕಲ್ಲಾಗ್ಯಾಳ" ಎಂದರು. ಇನ್ನ್ಯಾರೋ "ಕಲಿತಾಕಿ, ಹಂಗ ಇರ್ತಾರ" ಎಂದರು. ಎರಡೂ ಕೇಳಿಸಿತು, ಎರಡಕ್ಕೂ ಬೇಜಾರಾಗಲಿಲ್ಲ.

ಶಿಗ್ಗಾಂವಿಯ ಬಾಡಿಗೆ ಮನೆ ಖಾಲಿ ಮಾಡಿ ಹಿರೇಬೆಂಡಿಗೇರಿಗೆ, ಅವ್ವನ ಮನೆಗೆ ಬಂದೆ. ಬೆಳಿಗ್ಗೆ ಬಸ್ಸಿಗೆ ಹೋಗುತ್ತಿದ್ದೆ, ಸಂಜೆ ಬರುತ್ತಿದ್ದೆ. ಒಂದು ದಿನ ಅವ್ವ ಪಲ್ಯಕ್ಕೆ ಉಪ್ಪು ಹಾಕಲು ಮರೆತಿದ್ದಳು. ನಾನು ಊಟ ಮುಗಿಸಿ ತಾಟು ತೊಳೆದಿಟ್ಟಿದ್ದೆ. ಆಮೇಲೆ ಉಣ್ಣಲು ಕುಳಿತ ಅವ್ವ ಮೊದಲ ತುತ್ತಿಗೇ ನಿಲ್ಲಿಸಿ ನನ್ನನ್ನು ನೋಡಿದಳು. ಏನೂ ಅನ್ನಲಿಲ್ಲ. ಬಾಯಿ ಇದ್ದವಳು ಅವಳು, ಏನೂ ಅನ್ನಲಿಲ್ಲವೆಂದರೆ ಗಾಬರಿಯಾಗಿದೆ ಎಂದೇ ಅರ್ಥ.

ಅವ್ವನಿಗೆ ಆಡುಗಳಿದ್ದವು. ಅಪ್ಪ ಹೋಗಿ ಬಹಳ ವರ್ಷವಾಗಿದೆ, ಹೊಲವನ್ನು ಬೇರೆಯವರು ಮಾಡುತ್ತಾರೆ. ತನ್ನದೆಂದು ಅವಳು ಹೇಳಿಕೊಳ್ಳುತ್ತಿದ್ದುದು ಮನೆಯ ಪಕ್ಕ ರಸ್ತೆಗೆ ಮುಖ ಮಾಡಿದ ದಡ್ಡಿಯಲ್ಲಿ ಇದ್ದ ಆ ಆಡುಗಳನ್ನು ಮಾತ್ರ. ದಡ್ಡಿಯೆಂದರೆ ಸುತ್ತ ಮುಳ್ಳಿನ ಬೇಲಿ, ಮುಂದೆ ಬಿದಿರಿನ ತಟ್ಟಿ, ಅಷ್ಟೇ. ಒಂದೊಂದು ಆಡಿಗೂ ಅವಳು ಒಂದೊಂದು ಬೈಗುಳ ಇಟ್ಟಿದ್ದಳು, ಅವು ತಮ್ಮ ತಮ್ಮ ಬೈಗುಳಕ್ಕೆ ತಿರುಗಿ ನೋಡುತ್ತಿದ್ದವು. ಆ ಮಳೆಗಾಲದ ಕೊನೆಗೆ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗಬ್ಬವಾಗಿದ್ದವು. ಅವ್ವ ಬೆಳಿಗ್ಗೆ ಎದ್ದವಳೇ ನನ್ನ ಮುಖ ನೋಡುವ ಮೊದಲು ಅವುಗಳ ಹೊಟ್ಟೆ ಸವರಿ ಬರುತ್ತಿದ್ದಳು.

ಒಂದು ಆಡು ಮಾತ್ರ ಸವಣೂರಿನಲ್ಲಿತ್ತು, ಪಾಲಿಗೆ. ನಮ್ಮ ಕಡೆಯ ಈ ಪದ್ಧತಿಯನ್ನು ಗೊತ್ತಿಲ್ಲದವರಿಗೆ ಹೇಳಬೇಕು. ಹೆಣ್ಣುಮರಿಯೊಂದನ್ನು ಇನ್ನೊಬ್ಬಳಿಗೆ ಸಾಕಲು ಕೊಡುತ್ತಾರೆ. ಅದು ಈದ ಮರಿಗಳಲ್ಲಿ ಅರ್ಧ ಸಾಕಿದವಳಿಗೆ, ಅರ್ಧ ಒಡತಿಗೆ. ಕಾಗದವಿಲ್ಲ, ಸಾಕ್ಷಿಯಿಲ್ಲ. ಎಲ್ಲ ನಂಬಿಕೆಯ ಮೇಲೆ ನಡೆಯುವುದರಿಂದ ಒಂದು ಕಟ್ಟುನಿಟ್ಟು ಮಾತ್ರ ಇದೆ: ಪಾಲಿನ ಆಡು ಸಾಕಿದವಳ ಮನೆಯಲ್ಲಿ ಸಾಯಬಾರದು. ಸತ್ತರೆ, ಮಾರಿಕೊಂಡು ಸತ್ತಿತೆಂದಳು ಎಂಬ ಮಾತು ಬಂದೇ ಬರುತ್ತದೆ. ಆಡು ಮೇವು ಬಿಟ್ಟಿತೆಂದರೆ ಉಸಿರು ಇರುವಾಗಲೇ ಅದನ್ನು ಒಡತಿಗೆ ಮುಟ್ಟಿಸಬೇಕು, ಒಡತಿ ಕಣ್ಣಾರೆ ನೋಡಬೇಕು. ಒಡತಿಗೂ ಒಂದು ಮರ್ಯಾದೆ ಇದೆ. ನಿನ್ನ ಮೇಲೆ ನನಗೆ ಅನುಮಾನವಿಲ್ಲ ಎಂದು ತೋರಿಸಲು ಅವಳು ಆ ಜಡ್ಡಿನ ಆಡನ್ನು ತನ್ನ ಆಡುಗಳ ನಡುವೆಯೇ ಕಟ್ಟುತ್ತಾಳೆ. ಬೇರೆ ಕಟ್ಟಿದರೆ ತಂದವಳ ಮುಖಕ್ಕೆ ಹೊಡೆದಂತೆ.

ಇದನ್ನು ಬರೆಯುವಾಗ ನಗು ಬರುತ್ತದೆ. ಆಡಿನಿಂದ ಆಡಿಗೆ, ಊರಿನಿಂದ ಊರಿಗೆ ರೋಗ ಮುಟ್ಟಿಸಲು ಇದಕ್ಕಿಂತ ಅಚ್ಚುಕಟ್ಟಾದ ಏರ್ಪಾಡು ಬೇಕೇ? ಅದೂ ಎಷ್ಟು ಪ್ರಾಮಾಣಿಕವಾಗಿ!

ಸವಣೂರಿನಲ್ಲಿ ಆಡು ಸಾಕುತ್ತಿದ್ದವರು ಅವ್ವನ ಬಾಲ್ಯದ ಗೆಳತಿ. ನಮ್ಮೂರಿನ ಮುಸಲ್ಮಾನರ ಓಣಿಯ ಮಗಳು, ಸವಣೂರಿನ ಎಲೆತೋಟದವರ ಮನೆಗೆ ಸೊಸೆಯಾಗಿ ಹೋದವರು. ನಾನು ಹುಟ್ಟಿದಾಗಿನಿಂದ ಅವರನ್ನು ಅವ್ವನ ತಂಗಿಯೆಂಬಂತೆ ಖಾಲಾ ಎನ್ನುತ್ತೇನೆ. ಹಬ್ಬಕ್ಕೆ ಬಂದರೆ ಒಂದು ಕಟ್ಟು ವೀಳ್ಯದೆಲೆ ತರುತ್ತಿದ್ದರು, ಹೋಗುವಾಗ ಅವ್ವ ಜೋಳದ ಹಿಟ್ಟು ಕಟ್ಟಿಕೊಡುತ್ತಿದ್ದಳು. ಹಂಸಭಾವಿಯಲ್ಲಿ ನನ್ನ ಮುಖ ನೋಡದೆ ಸುಮ್ಮನೆ ನನ್ನ ಕಾಲು ಒತ್ತುತ್ತ ಕುಳಿತವರು ಅವರೊಬ್ಬರೇ.

ಒಂದು ಸಂಜೆ ಖಾಲಾ ಫೋನು ಮಾಡಿದರು. ಅವ್ವ ಮೊಸರಿಗೆಂದು ಪಕ್ಕದ ಮನೆಗೆ ಹೋಗಿದ್ದಳು, ನಾನೇ ಎತ್ತಿದೆ.

"ಆಡಿಗೆ ಕೆಮ್ಮು ಹತ್ತೈತಿ ಬೇಟಿ. ಮೇವು ಮೂಸೂದಿಲ್ಲ, ಮೂಗು ಸೋರಾಕತ್ತೈತಿ. ಕುತ್ತಿಗಿ ಮುಂದ ಚಾಚಿ ನಿಂದರತೈತಿ. ನಮ್ಮ ಓಣಿಯವ ಪೆನ್ಸಿಲಿನ್ ಇಂಜೆಕ್ಷನ್ ಹಾಕಿದ, ಒಂದಲ್ಲ, ಮತ್ತ ಮತ್ತ ಹಾಕಿದ. ಏನೂ ಫರಕ್ ಇಲ್ಲ."

"ಓಣ್ಯಾಗ ಬ್ಯಾರೆ ಆಡು ಹೆಂಗದಾವ್ರಿ?"

"ಹಾನಗಲ್ ಕಡೀಂದ ಒಬ್ರು ಹೊಸಾವು ತಂದಿದ್ರು. ಅವು ಮೊದ್ಲ ಕೆಮ್ಮಿದ್ವು. ಈಗ ಮಗ್ಗಲ ಮನ್ಯಾಗಿನ್ವು ಹೋದ್ವು. ಅವ್ವಗ ಹೇಳು, ನಾಳೆ ತಗೊಂಡು ಬರ್ತೇನಿ ಅಂತ."

ಪೆನ್ಸಿಲಿನ್ ಹಾಕಿದರೂ ಫರಕ್ ಇಲ್ಲ ಎಂದಾಗಲೇ ನನ್ನ ತಲೆಯಲ್ಲಿ ಹಲಗೆಯ ಮೇಲಿನ ಆ ಒಂದೇ ಗೆರೆಯ ಚಿತ್ರ ಬಂತು. ಪೆನ್ಸಿಲಿನ್ ಮಾಡುವ ಕೆಲಸ ಒಂದೇ: ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟಿಕೊಳ್ಳುವಾಗ ಆ ಕೆಲಸವನ್ನು ಕೆಡಿಸುವುದು. ಗೋಡೆಯೇ ಇಲ್ಲದ್ದಕ್ಕೆ ಏನು ಕೆಡಿಸೀತು? ಎಷ್ಟು ಸೂಜಿ ಚುಚ್ಚಿದರೂ ಚುಚ್ಚಿಸಿಕೊಂಡ ಆಡಿಗಷ್ಟೇ ನೋವು. ಶಿಗ್ಗಾಂವಿಯ ದನದ ಡಾಕ್ಟರರಿಗೆ ಫೋನು ಹಚ್ಚಿದೆ, ಅವರ ಮಗಳು ನನ್ನ ವಿದ್ಯಾರ್ಥಿನಿ. ಕೇಳಿಸಿಕೊಂಡು ಅವರೂ ಅದೇ ಅನುಮಾನ ಹೇಳಿದರು, ಆಡಿನ ಎದೆಗೆ ಬರುವ ಮೈಕೋಪ್ಲಾಸ್ಮ ಇರಬಹುದು. ಖಚಿತವಾಗಬೇಕಾದರೆ ಲ್ಯಾಬಿಗೆ ಕಳಿಸಬೇಕು, ಅಲ್ಲಿ ಅದು ಬೆಳೆಯುವುದೇ ನಿಧಾನ. ಬೆಳೆದಾಗ ಹಂಚಿನ ಮೇಲೆ ಒಡೆದು ಹಾಕಿದ ತತ್ತಿಯಂತೆ ಕಾಣುತ್ತದಂತೆ, ನಡುವೆ ದಪ್ಪ, ಸುತ್ತ ತೆಳ್ಳಗೆ. ಅದನ್ನು ನೋಡುವ ಹೊತ್ತಿಗೆ ಆಡು ಇರುವುದಿಲ್ಲ. ಬೇರೆ ಔಷಧ ಇದೆ, ಗೋಡೆಯ ಗೊಡವೆಗೆ ಹೋಗದೆ ಒಳಗಿನ ಪ್ರೋಟೀನ್ ತಯಾರಿಯನ್ನೇ ನಿಲ್ಲಿಸುವಂಥದ್ದು. ಮೊದಲೇ ಹಾಕಿದ್ದರೆ ನಡೆಯುತ್ತಿತ್ತು. "ಈಗ ಒಂದ ಮಾತು ಮೇಡಂ, ಆ ಆಡನ್ನ ನಿಮ್ಮ ಆಡಿನ ಜೋಡಿ ಬಿಡಬ್ಯಾಡ್ರಿ. ಉಸರಿನ್ಯಾಗ ಹರಡತೈತಿ. ಬಿಟ್ರ ಒಂದೂ ಉಳಿಯೂದು ಗ್ಯಾರಂಟಿ ಇಲ್ಲ. ತರೂದ ಬ್ಯಾಡ ಅನ್ರಿ."

ಖಾಲಾಗೆ ತಿರುಗಿ ಫೋನು ಮಾಡಿದೆ. "ತರಬ್ಯಾಡ್ರಿ ಖಾಲಾ. ಅಲ್ಲೇ ಇರ್ಲಿ."

"ನನ್ನ ಮನ್ಯಾಗ ಸಾಯ್ಲಿ ಅಂತೀ?" ಎಂದರು. ನಾನು ಉಸಿರು, ರೋಗ, ಗೋಡೆ ಎಂದು ಏನೇನೋ ಹೇಳಿದೆ. ತರಗತಿಯಲ್ಲಿ ಹೇಳುವ ಹಾಗೆಯೇ ಹೇಳಿದೆ. ಫೋನು ಕಟ್ಟಾಯಿತು.

ಅವ್ವನಿಗೆ ವಿಷಯ ತಿಳಿಸಿದಾಗ ಅವಳು ಮೊಸರಿನ ಚರಿಗೆ ಇಳಿಸಿದ ರೀತಿಯಲ್ಲೇ ಸಿಟ್ಟು ಗೊತ್ತಾಯಿತು.

"ಆಕಿಗೆ ಬರಬ್ಯಾಡ ಅಂದ್ಯಾ? ಈ ಮನಿಗೆ?"

"ಆಕಿಗಲ್ಲ ಅವ್ವಾ, ಆಡಿಗೆ."

"ಎರಡೂ ಒಂದ. ಓಣಿ ಮಂದಿ ನಾಳೆ ಆಕಿ ಮುಖಕ್ಕ ಏನಂತಾರ ಗೊತ್ತೈತೇನ ನಿನಗ? ಗೆಳತಿ ಆಡು ನುಂಗಿದಾಕಿ ಅಂತಾರ. ಆಕಿ ಒಂದಿನಾನೂ ನನ್ನ ಮರಿ ಮುಚ್ಚಿಟ್ಟಾಕಿ ಅಲ್ಲ."

"ಒಳಗ ಕಟ್ಟಿದ್ರ ನಿನ್ನ ಆಡು ಎಲ್ಲಾ ಹೋಗ್ತಾವ. ಗಬ್ಬ ಇದ್ದಾವು."

ಅವ್ವ ಹೋಗಿ ದಡ್ಡಿಯ ಹತ್ತಿರ ನಿಂತಳು. ಒಂದು ಕಡೆ ಆಡುಗಳು, ಇನ್ನೊಂದು ಕಡೆ ಹುಡುಗಿಯಾಗಿದ್ದಾಗಿನಿಂದ ಇದ್ದ ಒಬ್ಬಳೇ ಗೆಳತಿ, ಎರಡರಲ್ಲಿ ಒಂದನ್ನು ಬಿಡು ಎಂದು ನಾನು ಹೇಳಿದ್ದೆ. ಹೇಳುವಾಗ ನನಗೆ ಕಷ್ಟವೇನೂ ಆಗಲಿಲ್ಲ. ಆಗಬೇಕಿತ್ತು ಎಂದು ಗೊತ್ತಿತ್ತು, ಅಷ್ಟೇ.

ಮರುದಿನ ಕಾಲೇಜಿಗೆ ರಜೆ ಹಾಕಿದೆ. ಖಾಲಾ ಬರುತ್ತಾರೆಂದು ನನಗೆ ಖಾತ್ರಿಯಿತ್ತು. ಬಂದರು. ಟಂಟಂ ರಿಕ್ಷಾ ಒಂದು ನಮ್ಮ ಮನೆಯ ಮುಂದೆ ನಿಂತಿತು. ಹಿಂದೆ ಖಾಲಾ, ಅವರ ಕಾಲ ಬಳಿ ಗೋಣಿಚೀಲ ಹೊದಿಸಿದ ಆಡು. ಅದರ ಮೂಗಿನ ಕೆಳಗೆ ಒಣಗಿದ ಸಿಂಬಳ, ಪಕ್ಕೆಗಳು ಮೇಲೆ ಕೆಳಗೆ ಆಡುತ್ತಿದ್ದವು. ಖಾಲಾ ಇಳಿದು, ಆಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ದಡ್ಡಿಯ ಕಡೆ ಬಂದರು. ನಾನು ತಟ್ಟಿ ಮುಚ್ಚಿ ಒಳಗಡೆ ನಿಂತಿದ್ದೆ.

"ತಟ್ಟಿ ತಗಿ ಬೇಟಿ."

"ಆಗೂದಿಲ್ರಿ ಖಾಲಾ."

"ನನ್ನ ಮ್ಯಾಲ ಸಂಶೆ ಐತೇನ?"

"ಇಲ್ರಿ. ಜಡ್ಡಿನ ಮ್ಯಾಲ ಐತಿ."

ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಖಾಲಾರ ಮುಖ ಕೆಂಪಾಯಿತು. ಹುಟ್ಟಿದ ಊರಿನಲ್ಲಿ, ಎಲ್ಲರೆದುರು, ತಾನು ಎತ್ತಿ ಆಡಿಸಿದ ಮಗು ಬಾಗಿಲು ಹಾಕಿಕೊಂಡು ನಿಂತಿದೆ. ನೋಡಿದವರಿಗೆ ಕರುಳು ಚುರ್ ಎನ್ನಬೇಕು. ನನಗೆ ಅನ್ನಲಿಲ್ಲ. ನನ್ನ ಹಿಂದೆ ಆಡುಗಳು ಮೇವು ಜಗಿಯುವ ಸದ್ದು ಕೇಳುತ್ತಿತ್ತು, ಯಾವುದೂ ಕೆಮ್ಮುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡೆ.

ಆಗ ಅವ್ವ ಮನೆಯೊಳಗಿಂದ ಬಂದಳು. ನನ್ನನ್ನು ನೋಡಲಿಲ್ಲ. ಕೈಯಲ್ಲಿ ಚಾಪೆ ಇತ್ತು. ಸೀದಾ ಹೋಗಿ ರಸ್ತೆಯಾಚೆ ಹುಣಸೆ ಮರದ ಕೆಳಗೆ ಹಾಸಿ, ಕುಳಿತು, "ಇಲ್ಲೆ ತಾ" ಎಂದಳು. ಖಾಲಾ ಕದಲಲಿಲ್ಲ. "ನೋಡಬೇಕಾದಾಕಿ ನಾ. ದಡ್ಡಿ ಏನ ನೋಡತೈತಿ? ನಾ ಎಲ್ಲಿ ಕುಂತೇನಿ ಅದ ನನ್ನ ಮನಿ. ತಾ ಇಲ್ಲೆ."

ಖಾಲಾ ಹೋದರು. ಅವ್ವ ಆಡಿನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು, ಓಣಿಯವರಿಗೆಲ್ಲ ಕಾಣುವ ಹಾಗೆ. ನನಗೆ ಇದು ಹೊಳೆದಿರಲಿಲ್ಲ. ಒಳಗೆ ಬಿಡಬೇಕು, ಇಲ್ಲ ಬಿಡಬಾರದು ಎಂದಷ್ಟೇ ನನ್ನ ಲೆಕ್ಕ ಇತ್ತು. ಅವ್ವ ಹೊರಗೆ ಹೋಗಬಹುದು ಎನ್ನುವುದು ಆ ಲೆಕ್ಕದಲ್ಲಿ ಬಂದಿರಲಿಲ್ಲ.

ಮುಂದಿನದನ್ನು ಈಗಲೇ ಹೇಳಿಬಿಡುತ್ತೇನೆ: ಅವ್ವನ ಆಡುಗಳು ಒಂದೂ ಕೆಮ್ಮಲಿಲ್ಲ. ಗಬ್ಬವಾಗಿದ್ದವೆಲ್ಲ ಈದವು. ಓಣಿಯವರು ಖಾಲಾ ಬಗ್ಗೆ ಒಂದು ಮಾತೂ ಆಡಲಿಲ್ಲ, ಅವರ ಕಣ್ಣೆದುರೇ ಎಲ್ಲ ನಡೆದಿತ್ತು.

ಮಧ್ಯಾಹ್ನದ ಹೊತ್ತಿಗೆ ದನದ ಡಾಕ್ಟರು ಬೈಕಿನಲ್ಲಿ ಬಂದು ಆ ಬೇರೆ ಔಷಧ ಹಾಕಿದರು. ಆಡಿನ ಪಕ್ಕೆಗೆ ಕಿವಿಯಿಟ್ಟು ಕೇಳಿ ತಲೆ ಅಲ್ಲಾಡಿಸಿದರು. ಶ್ವಾಸಕೋಶ ಎದೆಗೂಡಿಗೆ ಅಂಟಿಕೊಂಡುಬಿಟ್ಟಿರುತ್ತದೆ, ಉಸಿರಿಗೆ ಜಾಗವೇ ಇರುವುದಿಲ್ಲ ಎಂದರು. ಹೋಗುವಾಗ ಅವ್ವನಿಗೂ ಖಾಲಾಗೂ ತಿಳಿಸಿ ಹೇಳಿದರು, ಮುಟ್ಟಿದವರು ಮೈ ತೊಳೆದುಕೊಂಡು ಸೀರೆ ಬದಲಿಸಿಯೇ ಬೇರೆ ಆಡಿನ ಹತ್ತಿರ ಹೋಗಬೇಕು ಅಂತ. ನಾನು ಬೇಲಿಯ ಈಚೆಯಿಂದಲೇ ಅದಕ್ಕೆ ಟಿಪ್ಪಣಿ ಸೇರಿಸಿದೆ: ಬಿಸಿಲಿಗೆ ಬಿದ್ದರೆ, ಒಣಗಿದರೆ ಅದು ಬಾಳುವುದಿಲ್ಲ, ಸಾಬೂನಿಗಂತೂ ಕರಗಿಹೋಗುತ್ತದೆ, ಹೊರಗೆ ಅದಕ್ಕೆ ಕಾಪಾಡಿಕೊಳ್ಳಲು ಗೋಡೆ ಇಲ್ಲ. ಯಾರೂ ಕೇಳಿರಲಿಲ್ಲ. ಮೇಷ್ಟ್ರ ಬಾಯಿ, ಸುಮ್ಮನಿರುವುದಿಲ್ಲ.

ಇಬ್ಬರೂ ಊಟಕ್ಕೆ ಏಳಲಿಲ್ಲ. ಅವ್ವ ಆಡಿನ ಕಿವಿ ಸವರುತ್ತಿದ್ದಳು. ಖಾಲಾ ಅದು ಮರಿಯಾಗಿದ್ದಾಗ ಎಲೆತೋಟಕ್ಕೆ ನುಗ್ಗಿ ಬಳ್ಳಿ ಮೇಯ್ದು ಬೈಸಿಕೊಂಡದ್ದನ್ನು ಹೇಳುತ್ತಿದ್ದರು, ಅವ್ವ ನಗುತ್ತಿದ್ದಳು. ಸಾಯುವ ಪ್ರಾಣಿಯ ಪಕ್ಕ ಕುಳಿತು ಇವರು ಹೇಗೆ ನಗುತ್ತಾರೆ ಎನಿಸಿತು. ನಾನು ದಡ್ಡಿಯಲ್ಲಿ ನೀರಿನ ಬಕೆಟ್ಟು ತುಂಬಿದೆ, ಕಸ ಗುಡಿಸಿದೆ, ಗುಡಿಸಿದ್ದನ್ನೇ ಮತ್ತೆ ಗುಡಿಸಿದೆ.

ಬಿಸಿಲು ಇಳಿಯುವ ಮುಂಚೆ ಆಡು ಕಾಲು ಚಾಚಿತು. ಪಕ್ಕೆಗಳ ಆಟ ನಿಂತಿತು.

"ನೋಡಿದೆಲ್ಲ?" ಖಾಲಾ ಕೇಳಿದರು.

"ನೋಡಿದೆ," ಅವ್ವ ಎಂದಳು. "ನಿನ್ನ ಕೈಯಾಗ ಛಲೋ ಬಾಳ್ತು ಅದು."

ಖಾಲಾ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಬೆಳಗಿನ ಸಿಟ್ಟು ಇರಲಿಲ್ಲ. "ಬಾ ಬೇಟಿ, ನೀನೂ ಬಂದು ನೋಡು. ಅಲ್ಲಿಂದ ನೋಡಿದ್ರ ಏನ ನೋಡಿದಂಗ?"

"ನಾ ಒಳಗಿನ್ವಕ್ಕ ಮೇವು ಹಾಕ್ಬೇಕ್ರಿ."

"ಆಮ್ಯಾಲ ತೊಳ್ಕೊ. ಸಾಬೂನಕ್ಕ ಸಾಯ್ತೈತಿ ಅಂತ ನೀನ ಅಂದಿ."

ತಟ್ಟಿ ತೆಗೆದು, ಹಿಂದೆ ಮುಚ್ಚಿ, ರಸ್ತೆ ದಾಟಿದೆ. ಖಾಲಾ ನನ್ನ ಕೈ ಹಿಡಿದು ಆಡಿನ ಎದೆಯ ಮೇಲೆ ಇಟ್ಟರು. ಅದು ಬಿಸಿ ಇತ್ತು. ಉಸಿರು ನಿಂತಿತ್ತು, ಮೈ ಇನ್ನೂ ಬಿಸಿ ಇತ್ತು, ಕೂದಲಿನ ಕೆಳಗೆ ಬೆಚ್ಚಗೆ ಇತ್ತು.

ನನಗೆ ಸಿಟ್ಟು ಬಂತು. ಬೇಸಿಗೆಯಿಂದ ಈಚೆಗೆ ಏನಾದರೂ ಬಂದದ್ದು ಅದೇ ಮೊದಲು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನಾನು ಐಸಿಯುವಿನ ಗಾಜಿನ ಬಾಗಿಲ ಹೊರಗೆ, ನನ್ನ ಗಂಡನ ಚಪ್ಪಲಿಗಳಿದ್ದ ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಕುಳಿತಿದ್ದೆ. ಒಳಗೆ ಬೇರೆ ರೋಗಿಗಳಿದ್ದಾರೆ, ಸೋಂಕು ಆಗಬಾರದು ಎಂದರು. ಸರಿಯಾದ ಮಾತು. ಜೀವಶಾಸ್ತ್ರ ಕಲಿಸುವವಳು, ಹೂಂ ಎಂದು ತಲೆ ಆಡಿಸಿದೆ. ಒಳಗೆ ಕರೆದಾಗ ಎಲ್ಲ ಮುಗಿದು ಎಷ್ಟು ಹೊತ್ತಾಗಿತ್ತೋ, ಬಿಳಿ ಹೊದಿಕೆಯ ಕೆಳಗೆ ಅವರ ಕೈ ತಣ್ಣಗಿತ್ತು, ಗಟ್ಟಿಯಾಗಿತ್ತು. ಅದು ಅವರ ಕೈ ಎಂದು ನನಗೆ ನಂಬಿಕೆಯೇ ಬರಲಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಅವ್ವನಿಗೂ.

"ನನ್ನ ಒಳಗ ಬಿಡಲಿಲ್ರಿ ಖಾಲಾ," ಎಂದೆ. ನನ್ನ ಧ್ವನಿ ನನಗೇ ಜೋರಾಗಿ ಕೇಳಿಸಿತು. "ಒಬ್ಬರೇ ಇದ್ರು ಅವ್ರು. ಯಾರೂ ಇರಲಿಲ್ಲ ಬಾಜೂಕ."

ಖಾಲಾ ಎಲ್ಲಿ, ಯಾರು ಎಂದು ಕೇಳಲಿಲ್ಲ. ಅವ್ವ ಆಡಿನ ತಲೆಯನ್ನು ಮೆಲ್ಲಗೆ ಚಾಪೆಗೆ ಇಳಿಸಿ, ತೊಡೆಯ ಮೇಲಿನ ಸೀರೆ ಕೊಡವಿ, ನನಗೆ ಜಾಗ ಮಾಡಿದಳು.